ಬುದ್ಧಿ ಇದೆ, ಓದುವುದಿಲ್ಲ: ಚುರುಕು ಮಕ್ಕಳ ಹುಮ್ಮಸ್ಸು ಎಲ್ಲಿ ಸೋರಿಹೋಗುತ್ತದೆ?

ಪೋಷಕರ ಸಭೆಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಒಂದೇ: "ಬುದ್ಧಿ ಇದೆ ಮೇಡಂ, ಆದರೆ ಓದುವುದಿಲ್ಲ." ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ್ದೇನೆ. ಈ ಮಾತು ಹೇಳುವಾಗ ಕೆಲವರ ದನಿಯಲ್ಲಿ ಸಿಟ್ಟಿರುತ್ತದೆ, ಕೆಲವರ ದನಿಯಲ್ಲಿ ಸಣ್ಣ ಹೆಮ್ಮೆಯೂ ಇರುತ್ತದೆ. ಹೆಚ್ಚಿನವರಲ್ಲಿ ಇರುವುದು ದಿಕ್ಕು ತೋಚದ ದುಗುಡ.

ಎರಡು ವರ್ಷದ ಹಿಂದೆ ಎಂಟನೇ ತರಗತಿಯ ಹುಡುಗನೊಬ್ಬನ ತಂದೆ ಹೀಗೆಯೇ ಬಂದು ನಿಂತರು. ಗದ್ದೆಯಿಂದ ನೇರವಾಗಿ ಬಂದಿದ್ದರು, ಹೆಗಲ ಮೇಲೆ ಟವೆಲು. "ಎರಡು ಬಿಗಿದು ಬುದ್ಧಿ ಹೇಳಿ ಮೇಡಂ, ನನ್ನ ಮಾತು ಕೇಳುವುದಿಲ್ಲ" ಎಂದರು. ಹುಡುಗನ ನೋಟ್‌ಬುಕ್ ತೆರೆದೆ. ಹೋಂವರ್ಕ್‌ಗೆ ಕೊಟ್ಟಿದ್ದ ಇಪ್ಪತ್ತು ಲೆಕ್ಕಗಳಲ್ಲಿ ಮೂರನ್ನು ಮಾಡಿ ಬಿಟ್ಟಿದ್ದ. ಮೂರೂ ಸರಿ. ಏಕೆ ಬಿಟ್ಟೆ ಎಂದು ಕೇಳಿದರೆ ತಲೆ ತಗ್ಗಿಸಿ, "ಉಳಿದವೂ ಅದೇ ಥರ ಇವೆ ಮೇಡಂ" ಎಂದ. ಹಾಳೆ ತಿರುವುತ್ತ ಹಿಂಬದಿಗೆ ಹೋದರೆ ಅಲ್ಲಿ ಬೇರೆಯೇ ಲೋಕ. ಆರೇಳು ಪುಟಗಳ ತುಂಬ ತಾರೀಖುಗಳು, ಒಂದೊಂದರ ಪಕ್ಕದಲ್ಲಿ ಸೊನ್ನೆಯಿಂದ ಆರರವರೆಗಿನ ಯಾವುದೋ ಒಂದು ಅಂಕಿ. ಯಾವ ತಾರೀಖು ಯಾವ ವಾರ ಬರುತ್ತದೆ ಎಂದು ಕ್ಯಾಲೆಂಡರ್ ನೋಡದೆ ಹೇಳುವ ದಾರಿಯನ್ನು ಅವನು ತಾನೇ ಹುಡುಕಿಕೊಂಡಿದ್ದ. 365ನ್ನು 7ರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಆದ್ದರಿಂದ ಈ ವರ್ಷ ಸೋಮವಾರ ಬಂದ ತಾರೀಖು ಮರುವರ್ಷ ಮಂಗಳವಾರ ಬರುತ್ತದೆ, ನಡುವೆ ಫೆಬ್ರವರಿ 29 ಬಿದ್ದರೆ ಬುಧವಾರಕ್ಕೆ ಜಿಗಿಯುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಓದುವುದಿಲ್ಲ ಎಂದು ಹೆಸರು ಪಡೆದ ಹುಡುಗ ರಾತ್ರಿ ಹತ್ತರವರೆಗೆ ಕೂತು ಶೇಷಗಳ ಲೆಕ್ಕ ಮಾಡುತ್ತಿದ್ದ. ಅವನಲ್ಲಿ ಹುಮ್ಮಸ್ಸು ಬೇಕಾದಷ್ಟಿತ್ತು. ನಾವು ಕೊಟ್ಟ ಕೆಲಸದ ಕಡೆಗೆ ಅದು ಹರಿಯುತ್ತಿರಲಿಲ್ಲ, ಅಷ್ಟೇ. ಹೀಗೇಕಾಗುತ್ತದೆ, ಮನೆಯವರು ಏನು ಮಾಡಬಹುದು ಎಂಬುದನ್ನು ಬಿಡಿಸಿ ಹೇಳಬೇಕೆನ್ನುವುದು ನನ್ನ ಬಹುದಿನದ ಆಸೆ.

ಪ್ರತಿಭೆ ಎಂದರೆ ತಲೆ ಮಾತ್ರವೇ?

"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯನ್ನು ನಾವು ಒಂದು ಭರವಸೆಯಂತೆ ಹೇಳಿಕೊಳ್ಳುತ್ತೇವೆ. ಮೊಳಕೆ ಚೆನ್ನಾಗಿದ್ದರೆ ಸಿರಿ ತಾನಾಗಿ ಬರುತ್ತದೆ ಎಂದುಕೊಳ್ಳುತ್ತೇವೆ. ಭತ್ತದ ಒಟ್ಲು ಹಾಕಿದವರು ಯಾರೂ ಹಾಗೆ ನಂಬುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಂಬುತ್ತೇವೆ.

ಅಮೆರಿಕದ ಮನೋವಿಜ್ಞಾನಿ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬುದ್ಧ್ಯಂಕ ಪರೀಕ್ಷೆಯಲ್ಲಿ ಬಹಳ ಮೇಲಿದ್ದ ಸುಮಾರು 1,500 ಮಕ್ಕಳನ್ನು ಆರಿಸಿ, ಅವರು ದೊಡ್ಡವರಾಗಿ ಏನಾಗುತ್ತಾರೆ ಎಂದು ದಶಕಗಳ ಕಾಲ ಹಿಂಬಾಲಿಸಿದರು. ಮುಂದೆ ಆ ಗುಂಪಿನ ಗಂಡಸರಲ್ಲಿ ಅತ್ಯಂತ ಯಶಸ್ವಿಯಾದ 150 ಮಂದಿಯನ್ನೂ ಅತ್ಯಂತ ಹಿಂದುಳಿದ 150 ಮಂದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಇಬ್ಬರ ಬುದ್ಧ್ಯಂಕದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅಂತರ ಕಂಡದ್ದು ಹಿಡಿದ ಕೆಲಸ ಬಿಡದ ಗುಣದಲ್ಲಿ, ಗುರಿಯ ಸ್ಪಷ್ಟತೆಯಲ್ಲಿ, ತನ್ನ ಮೇಲಿನ ನಂಬಿಕೆಯಲ್ಲಿ. ಹಾಗೆಯೇ ಬೆಳೆದ ಮನೆಯ ವಾತಾವರಣದಲ್ಲಿ. 1978ರಲ್ಲಿ ಶಿಕ್ಷಣ ಮನೋವಿಜ್ಞಾನಿ ಜೋಸೆಫ್ ರೆಂಜುಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿಭೆಯ ವ್ಯಾಖ್ಯೆಯನ್ನೇ ಬದಲಿಸಿದರು. ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಸೃಜನಶೀಲತೆ, ಕೆಲಸಕ್ಕೆ ಅಂಟಿಕೊಂಡು ಕೂರುವ ನಿಷ್ಠೆ ಈ ಮೂರು ಬಳೆಗಳು ಒಂದರ ಮೇಲೊಂದು ಬಿದ್ದ ಜಾಗದಲ್ಲಿ ಪ್ರತಿಭೆ ಇದೆ ಎಂದರು. ಆ ಮೂರನೆಯ ಬಳೆ ಹುಟ್ಟಿನಿಂದ ಪೂರ್ತಿಯಾಗಿ ಬರುವುದಿಲ್ಲ. ಅದು ಬೆಳೆಯುವುದೂ ಒಣಗುವುದೂ ಮನೆ ಮತ್ತು ಶಾಲೆಯಲ್ಲಿ.

ಮಗು ಮನಸ್ಸಿನಲ್ಲೇ ಕೇಳಿಕೊಳ್ಳುವ ಮೂರು ಪ್ರಶ್ನೆ

ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡೆಲ್ ಸೀಗಲ್ ಮತ್ತು ಬೆಟ್ಸಿ ಮೆಕೋಚ್ ಇಬ್ಬರೂ ಸಾಮರ್ಥ್ಯವಿದ್ದೂ ಹಿಂದೆ ಬೀಳುವ ಮಕ್ಕಳನ್ನೇ ಕುರಿತು ಕೆಲಸ ಮಾಡಿದವರು. ಅವರು ಕೊಟ್ಟ ಚೌಕಟ್ಟು ನನಗೆ ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಯಾವುದೇ ಕೆಲಸಕ್ಕೆ ಕೂರುವ ಮೊದಲು ಮಗುವಿನ ಮನಸ್ಸು ಮೂರು ಪ್ರಶ್ನೆ ಕೇಳುತ್ತದೆ. ಇದರಿಂದ ನನಗೇನು? ಇದು ನನ್ನಿಂದ ಆಗುತ್ತದೆಯೇ? ನಾನು ಪ್ರಯತ್ನಪಟ್ಟರೆ ನನ್ನ ಸುತ್ತಲಿನವರು ಕೈ ಹಿಡಿಯುತ್ತಾರೆಯೇ, ಇಲ್ಲ ಕಾಲೆಳೆಯುತ್ತಾರೆಯೇ? ಮೂರಕ್ಕೂ ಉತ್ತರ ತಕ್ಕಮಟ್ಟಿಗೆ ಹೌದು ಎಂದಿದ್ದರೆ ಮಗು ಕೆಲಸಕ್ಕೆ ಕೈ ಹಾಕುತ್ತದೆ, ಸಮಯ ಹೊಂದಿಸಿಕೊಳ್ಳುತ್ತದೆ. ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ಉಳಿದೆರಡು ಎಷ್ಟು ಗಟ್ಟಿಯಿದ್ದರೂ ಬಂಡಿ ಕದಲುವುದಿಲ್ಲ.

ನಾವು ಮಾಡುವ ತಪ್ಪೆಂದರೆ ಯಾವ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದಿದೆ ಎಂದು ನೋಡದೆ ಎಲ್ಲಕ್ಕೂ ಒಂದೇ ಮದ್ದು ಅರೆಯುವುದು. "ನಿನ್ನಿಂದ ಆಗುತ್ತದೆ ಕಂದ, ನೀನು ಮನಸ್ಸು ಮಾಡಬೇಕು ಅಷ್ಟೇ" ಎನ್ನುತ್ತೇವೆ. ತನ್ನಿಂದ ಆಗುತ್ತದೆ ಎಂದು ಆ ಹುಡುಗನಿಗೆ ಚೆನ್ನಾಗಿಯೇ ಗೊತ್ತು. ಸೀಗಲ್ ಮತ್ತು ಮೆಕೋಚ್ 2003ರ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ: ಚೆನ್ನಾಗಿ ಓದುವ ಪ್ರತಿಭಾವಂತರೂ ಓದದ ಪ್ರತಿಭಾವಂತರೂ ತಮ್ಮ ಸಾಮರ್ಥ್ಯವನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಅಳೆದುಕೊಂಡಿದ್ದರು. ಬೇರೆಯಾಗಿದ್ದುದು ಓದಿಗೆ ಅವರು ಕೊಡುವ ಬೆಲೆ, ತಮ್ಮನ್ನು ತಾವು ಕೆಲಸಕ್ಕೆ ಹೂಡಿಕೊಳ್ಳುವ ರೀತಿ. ಕ್ಯಾಲೆಂಡರ್ ಹುಡುಗನ ತೊಡಕಿದ್ದದ್ದು ಮೊದಲ ಪ್ರಶ್ನೆಯಲ್ಲಿ. ಅವನಿಗೆ ಧೈರ್ಯ ತುಂಬುವುದೆಂದರೆ ಹೊಟ್ಟೆನೋವಿಗೆ ಮಂಡಿಗೆ ಎಣ್ಣೆ ಹಚ್ಚಿದಂತೆ.

ಸುಲಭ ಎಂಬ ತೊಂದರೆ

ನನ್ನ ಅನುಭವದಲ್ಲಿ ಚುರುಕು ಮಕ್ಕಳ ಉತ್ಸಾಹವನ್ನು ಕೊಲ್ಲುವುದರಲ್ಲಿ ಕಷ್ಟಕ್ಕಿಂತ ಸುಲಭದ ಪಾಲು ದೊಡ್ಡದು. ಇದನ್ನು ಪೋಷಕರು ಒಪ್ಪುವುದು ಕಷ್ಟ. ಲೆಟಾ ಹಾಲಿಂಗ್‌ವರ್ತ್ ಎಂಬ ಮನೋವಿಜ್ಞಾನಿ, ಬುದ್ಧ್ಯಂಕ 140 ಇರುವ ಮಗು ಸಾಮಾನ್ಯ ಪ್ರಾಥಮಿಕ ಶಾಲೆಯಲ್ಲಿ ಅರ್ಧ ಹೊತ್ತನ್ನು ವ್ಯರ್ಥವಾಗಿ ಕಳೆಯುತ್ತದೆ, 170 ದಾಟಿದ ಮಗುವಿಗಂತೂ ಹೆಚ್ಚುಕಡಿಮೆ ಇಡೀ ದಿನವೇ ವ್ಯರ್ಥ ಎಂದು ಬಹಳ ಹಿಂದೆಯೇ ಬರೆದರು. ಆ ಅಂಕಿಗಳನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ನಿಂತವಳಾಗಿ ಮಾತ್ರ ಹೇಳುತ್ತೇನೆ, ಅವರು ತೋರಿಸಿದ ದೃಶ್ಯ ನನಗೆ ಪರಿಚಿತ. ನಾನು ಕಪ್ಪುಹಲಗೆಯ ಮೇಲೆ ಎರಡನೆಯ ಉದಾಹರಣೆ ಬರೆಯುವಷ್ಟರಲ್ಲಿ ಆ ಒಂದಿಬ್ಬರ ಕಣ್ಣು ಕಿಟಕಿಯಾಚೆಯ ತೆಂಗಿನಮರಕ್ಕೆ ಹೋಗಿರುತ್ತದೆ.

ಇದಕ್ಕೊಂದು ಸರಳ ದಾರಿಯಿದೆ. ಇಪ್ಪತ್ತು ಲೆಕ್ಕಗಳಿದ್ದರೆ ಕೊನೆಯ, ಅತ್ಯಂತ ಕಠಿಣವಾದ ಐದನ್ನು ಮೊದಲು ಮಾಡಲಿ. ಐದೂ ಸರಿಯಾದರೆ ಉಳಿದ ಹದಿನೈದನ್ನು ಮಾಡುವ ಅಗತ್ಯವಿಲ್ಲ, ಮಿಕ್ಕ ಹೊತ್ತು ಅವನದೇ. ತಪ್ಪಾದರೆ ಹಿಂದಿನ ಲೆಕ್ಕಗಳಿಗೆ ಬರಲಿ. ಬಂದದ್ದನ್ನೇ ಮತ್ತೆ ಅರೆಯದೆ ಪಾಠವನ್ನು ಅಡಕಗೊಳಿಸುವ ಈ ವಿಧಾನವನ್ನು ರೆಂಜುಲ್ಲಿ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಪ್ರಯೋಗ ಮಾಡಿ ಬೆಳೆಸಿದ್ದಾರೆ. ಮನೆಯವರು ಶಿಕ್ಷಕರನ್ನು ಕಂಡು ಇದನ್ನು ಕೇಳಬಹುದು. "ನನ್ನ ಮಗನಿಗೆ ನಿಮ್ಮ ಪಾಠ ಬೇಸರ" ಎಂದು ಶುರುಮಾಡಿದರೆ ಯಾವ ಶಿಕ್ಷಕರ ಮನಸ್ಸೂ ಮುದುಡುತ್ತದೆ. "ಅವನು ಈ ಐದು ಕಷ್ಟದ ಲೆಕ್ಕ ಮಾಡಿ ತಂದರೆ ಸಾಕೇ ಸರ್, ನೀವು ಹೇಳಿದಂತೆ" ಎಂದು ಕೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ. ನಾನಂತೂ ಒಪ್ಪಿದ್ದೇನೆ.

ಸುಲಭದ ಇನ್ನೊಂದು ಪೆಟ್ಟು ತಡವಾಗಿ ಬೀಳುತ್ತದೆ. ನಮ್ಮಲ್ಲಿ ಅದು ಬೀಳುವ ಜಾಗವೂ ಬಹುಮಟ್ಟಿಗೆ ಗೊತ್ತಿರುವಂಥದ್ದೇ: ಮೊದಲ ಪಿಯುಸಿ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 610 ಪಡೆದ ಹುಡುಗಿಯೊಬ್ಬಳು ವಿಜ್ಞಾನ ವಿಭಾಗಕ್ಕೆ ಸೇರಿ ಮೂರು ತಿಂಗಳಾಗಿತ್ತು. ಅವಳ ತಾಯಿ ನನ್ನ ಮನೆಗೆ ಬಂದರು. ಭೌತಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ ಅರ್ಧಕ್ಕಿಂತ ಕಡಿಮೆ ಬಂದಿತ್ತಂತೆ. ಅಂದಿನಿಂದ ಪುಸ್ತಕ ತೆರೆಯುತ್ತಿಲ್ಲ, ಕಾಲೇಜಿನಿಂದ ಬಂದವಳೇ ಮುಸುಕು ಹಾಕಿ ಮಲಗುತ್ತಾಳೆ. ಅವಳನ್ನು ಕೂರಿಸಿಕೊಂಡು ಮಾತನಾಡಿದಾಗ ಅವಳು ಹೇಳಿದ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. "ನಾನು ಬುದ್ಧಿವಂತೆಯೇ ಅಲ್ಲ ಮೇಡಂ. ಇಷ್ಟು ದಿನ ನಿಮಗೆಲ್ಲ ಹಾಗೆ ಅನ್ನಿಸಿತ್ತು, ಅಷ್ಟೇ."

ಹತ್ತು ವರ್ಷ ಅವಳು ಯಾವುದಕ್ಕೂ ತಿಣುಕಿರಲಿಲ್ಲ. ಅರ್ಥವಾಗದ ಪುಟವನ್ನು ನಾಲ್ಕು ಸಲ ಓದುವುದು ಹೇಗೆ, ತಪ್ಪಿದ ಲೆಕ್ಕದಲ್ಲಿ ತಪ್ಪಿದ್ದೆಲ್ಲಿ ಎಂದು ಹುಡುಕುವುದು ಹೇಗೆ, ಗೊತ್ತಿಲ್ಲ ಎಂದು ನಾಚಿಕೆಯಿಲ್ಲದೆ ಕೇಳುವುದು ಹೇಗೆ ಎಂಬುದು ಅವಳಿಗೆ ಅಭ್ಯಾಸವೇ ಆಗಿರಲಿಲ್ಲ. ಅವಳ ಪಕ್ಕದಲ್ಲಿ ಕೂತ, 480 ಅಂಕದ ಗೆಳತಿಗೆ ಅದೆಲ್ಲ ಆರನೇ ತರಗತಿಯಿಂದಲೇ ಬರುತ್ತಿತ್ತು. ಇವಳ ಲೆಕ್ಕದಲ್ಲಿ ಬುದ್ಧಿವಂತಿಕೆ ಎಂದರೆ ಕಷ್ಟಪಡದೆ ಬರುವುದು. ಆದ್ದರಿಂದ ಕಷ್ಟವಾದ ದಿನ ಅವಳು ತೀರ್ಮಾನಿಸಿದ್ದು, ತನ್ನಲ್ಲಿ ಬುದ್ಧಿ ಇಲ್ಲ ಎಂದು.

ಆ ಲೆಕ್ಕವನ್ನು ಅವಳಿಗೆ ಕಲಿಸಿದವರು ನಾವೇ. "ನಮ್ಮ ಹುಡುಗಿ ಪುಸ್ತಕದ ಮೇಲೆ ಕಣ್ಣಾಡಿಸಿದರೆ ಸಾಕು, ನೂರಕ್ಕೆ ನೂರು" ಎಂದು ಅವಳ ತಾಯಿ ಬಂಧುಗಳ ಮುಂದೆ ಹೇಳುತ್ತಿದ್ದುದನ್ನು ನಾನು ಕೇಳಿದ್ದೆ. ಸ್ಟಾಫ್ ರೂಮಿನಲ್ಲಿ ನಾನೂ ಹೇಳಿದ್ದೆ.

ಹೊಗಳಿಕೆಯ ಮಾತು

1998ರಲ್ಲಿ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳು ಈ ವಿಷಯಕ್ಕೆ ನೇರವಾಗಿ ಬರುತ್ತವೆ. ಐದನೇ ತರಗತಿಯ ಮಕ್ಕಳಿಗೆ ಕೆಲವು ಚಿತ್ರ ಒಗಟುಗಳನ್ನು ಬಿಡಿಸಲು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ "ನೀನು ತುಂಬಾ ಬುದ್ಧಿವಂತ" ಎಂದರು, ಕೆಲವರಿಗೆ "ನೀನು ಚೆನ್ನಾಗಿ ಶ್ರಮಪಟ್ಟಿದ್ದೀಯ" ಎಂದರು. ವ್ಯತ್ಯಾಸ ಅದೊಂದು ವಾಕ್ಯದ್ದು. ಮುಂದೆ ಎಂಥ ಒಗಟು ಬೇಕು ಎಂದು ಕೇಳಿದಾಗ ಬುದ್ಧಿಯ ಹೊಗಳಿಕೆ ಪಡೆದವರಲ್ಲಿ ಸುಮಾರು ಮೂರನೇ ಎರಡು ಭಾಗ ಮಕ್ಕಳು ತಾವು ಚೆನ್ನಾಗಿ ಕಾಣಿಸುವಂಥದ್ದನ್ನು ಕೇಳಿದರು. ಶ್ರಮದ ಹೊಗಳಿಕೆ ಪಡೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೊಸದೇನಾದರೂ ಕಲಿಯುವಂಥದ್ದನ್ನು ಕೇಳಿದರು. ಆಮೇಲೆ ಬೇಕೆಂದೇ ಬಹಳ ಕಠಿಣ ಒಗಟುಗಳನ್ನು ಕೊಟ್ಟು ಎಲ್ಲರೂ ಸೋಲುವಂತೆ ಮಾಡಿ, ಮತ್ತೆ ಮೊದಲಿನಷ್ಟೇ ಸುಲಭದ ಒಗಟುಗಳನ್ನು ಕೊಟ್ಟರು. ಬುದ್ಧಿವಂತರೆನಿಸಿಕೊಂಡವರು ಮೊದಲಿಗಿಂತ ಕಡಿಮೆ ಬಿಡಿಸಿದರು, ಶ್ರಮಪಟ್ಟರೆನಿಸಿಕೊಂಡವರು ಹೆಚ್ಚು ಬಿಡಿಸಿದರು. ತಮ್ಮ ಅಂಕವನ್ನು ಬೇರೆ ಮಕ್ಕಳಿಗೆ ಬರೆದು ತಿಳಿಸಲು ಹೇಳಿದಾಗ ಬುದ್ಧಿವಂತರೆನಿಸಿಕೊಂಡ ಗುಂಪಿನಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಮಂದಿ ಸುಳ್ಳು ಬರೆದರು.

ಈ ಸುಳ್ಳಿನ ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಸಣ್ಣ ಮಕ್ಕಳು, ಅರ್ಧ ಗಂಟೆಯ ಹಿಂದೆ ಸಿಕ್ಕ ಬಿರುದನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದರು.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಈ ಸಂಶೋಧನೆ ಜನಪ್ರಿಯವಾದ ಮೇಲೆ "ಶ್ರಮವನ್ನು ಹೊಗಳಿ" ಎಂಬುದು ಮಂತ್ರದಂತಾಗಿದೆ. ಬುದ್ಧಿ ಬೆಳೆಯಬಲ್ಲದು ಎಂದು ಹೇಳಿಕೊಡುವ ಚಿಕ್ಕ ಪಾಠವೊಂದನ್ನು ಅಮೆರಿಕದಲ್ಲಿ ಸುಮಾರು 12,000 ಒಂಬತ್ತನೇ ತರಗತಿಯ ಮಕ್ಕಳ ಮೇಲೆ ಪ್ರಯೋಗಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಿಂದ ಆದ ಲಾಭ ಸಣ್ಣದು, ಅದೂ ಮುಖ್ಯವಾಗಿ ಕಡಿಮೆ ಅಂಕದ ಮಕ್ಕಳಿಗೆ. ಸುಲಭದ ಲೆಕ್ಕವನ್ನು ಎರಡು ನಿಮಿಷದಲ್ಲಿ ಮುಗಿಸಿದ ಮಗುವಿಗೆ "ಅಬ್ಬಾ, ಎಷ್ಟು ಶ್ರಮಪಟ್ಟೆ" ಎಂದರೆ ಅದು ನಿಮ್ಮ ಮುಖ ನೋಡುತ್ತದೆ. ಚುರುಕು ಮಕ್ಕಳಿಗೆ ಪೊಳ್ಳು ಮಾತು ಬಲು ಬೇಗ ಗೊತ್ತಾಗುತ್ತದೆ. ಅಂಥಲ್ಲಿ "ಇದು ನಿನಗೆ ತೀರಾ ಸುಲಭವಾಯಿತು, ನಿನ್ನ ಹೊತ್ತು ಹಾಳಾಯಿತು, ತಾಳು, ತಲೆ ಕೆರೆಯುವಂಥದ್ದು ಹುಡುಕೋಣ" ಎನ್ನುವುದೇ ಪ್ರಾಮಾಣಿಕ. ನಿಜವಾಗಿ ಒದ್ದಾಡಿ ಬಿಡಿಸಿದಾಗ ಆ ಒದ್ದಾಟವನ್ನೇ ಹೆಸರಿಟ್ಟು ಹೇಳಬೇಕು: "ಮೊದಲ ದಾರಿ ಮುಚ್ಚಿದಾಗ ಚಿತ್ರ ಬರೆದು ನೋಡಿದೆಯಲ್ಲ, ಅದು ಹೇಗೆ ಹೊಳೆಯಿತು?" ಇದು ಹೊಗಳಿಕೆಯೂ ಹೌದು, ಪ್ರಶ್ನೆಯೂ ಹೌದು. ಮಗು ಉತ್ತರ ಹೇಳಲು ಹೊರಟಾಗ ತಾನು ಮಾಡಿದ್ದೇನು ಎಂದು ತಾನೇ ಕಂಡುಕೊಳ್ಳುತ್ತದೆ.

ಓದದಿರುವುದೂ ಒಂದು ಗುರಾಣಿ

ಪರೀಕ್ಷೆಯ ಹಿಂದಿನ ರಾತ್ರಿಯವರೆಗೂ ಪುಸ್ತಕ ಮುಟ್ಟದ, ಪ್ರಾಜೆಕ್ಟನ್ನು ಕೊನೆಯ ದಿನಕ್ಕೆ ದೂಡುವ ಮಗುವನ್ನು ಸೋಮಾರಿ ಎನ್ನುತ್ತೇವೆ. ಮಾರ್ಟಿನ್ ಕೋವಿಂಗ್ಟನ್ ಎಂಬ ಮನೋವಿಜ್ಞಾನಿ ಇದನ್ನು ಬೇರೆ ಕಣ್ಣಿನಿಂದ ನೋಡಿದರು. ಓದಿಯೂ ಕಡಿಮೆ ಅಂಕ ಬಂದರೆ ತನಗೆ ಬುದ್ಧಿಯಿಲ್ಲ ಎಂದು ಸಾಬೀತಾಗುತ್ತದೆ. ಓದದೆ ಕಡಿಮೆ ಬಂದರೆ "ಓದಿದ್ದರೆ ಬರುತ್ತಿತ್ತು" ಎಂಬ ಮಾತು ಉಳಿಯುತ್ತದೆ. ಇಡೀ ಊರು ಜಾಣ ಎಂದು ಕರೆಯುವ ಮಗುವಿಗೆ ಆ ಒಂದು ಮಾತು ಬಹಳ ಬೆಲೆಯುಳ್ಳದ್ದು, ಅದಕ್ಕಾಗಿ ಹತ್ತಿಪ್ಪತ್ತು ಅಂಕ ಬಿಟ್ಟುಕೊಡಲೂ ಅದು ಸಿದ್ಧ. ತಂದೆತಾಯಿ ಕೂಡ ಅರಿಯದೆ ಅದೇ ಗುರಾಣಿಯನ್ನು ಅದರ ಕೈಗಿಡುತ್ತಾರೆ, "ನನ್ನ ಮಗ ಓದಿದರೆ ರ‍್ಯಾಂಕ್ ಬರುತ್ತಾನೆ, ಓದುವುದಿಲ್ಲ ಅಷ್ಟೇ" ಎಂದು.

ಈ ಭಯ ಬೈದರೆ ಹೋಗುವುದಿಲ್ಲ, ಗುರಾಣಿ ಇನ್ನಷ್ಟು ದಪ್ಪವಾಗುತ್ತದೆ. ಸೋತರೂ ಬಿರುದು ಹೋಗದ ಜಾಗಗಳು ಮಗುವಿಗೆ ಬೇಕು. ಪಿಟೀಲೋ ಈಜೋ ಕುಂಬಾರಿಕೆಯೋ, ತನಗೆ ಸುಲಭವಾಗಿ ಬಾರದ ಒಂದನ್ನು ಅದು ಎಳೆಯ ವಯಸ್ಸಿನಲ್ಲೇ ಕಲಿಯಲಿ. ದೊಡ್ಡವರು ತಮ್ಮ ತಪ್ಪುಗಳನ್ನು ಊಟದ ಹೊತ್ತಿನಲ್ಲಿ ಸಹಜವಾಗಿ ಆಡಿಕೊಳ್ಳಲಿ. ಆ ಪಿಯುಸಿ ಹುಡುಗಿಗೆ ನಾನು ಕಾಲೇಜಿನಲ್ಲಿ ಅವಕಲ ಸಮೀಕರಣಗಳ ಪತ್ರಿಕೆಯಲ್ಲಿ ಫೇಲಾದದ್ದನ್ನು ಹೇಳಿದೆ. ಅಂಕಪಟ್ಟಿಯನ್ನೂ ತೋರಿಸಿದೆ. ಅವಳು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

ಅವಳದು ಇನ್ನೊಂದು ತೊಡಕೂ ಇತ್ತು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿ. ವೇಗೋತ್ಕರ್ಷ, ಸಂವೇಗ ಎಂದು ತಲೆಯಲ್ಲಿ ಕೂತಿದ್ದ ಪದಗಳೆಲ್ಲ ಒಂದೇ ತಿಂಗಳಲ್ಲಿ ಅಪರಿಚಿತವಾಗಿಬಿಟ್ಟಿದ್ದವು. ಭಾಷೆಯ ಕಷ್ಟವನ್ನು ಅವಳು ಬುದ್ಧಿಯ ಕಷ್ಟ ಎಂದು ಓದಿಕೊಂಡಿದ್ದಳು. ಪ್ರತಿ ಅಧ್ಯಾಯಕ್ಕೆ ಎರಡು ಅಂಕಣದ ಪದಪಟ್ಟಿ ಮಾಡಿಕೊಂಡು, ಸೂತ್ರವನ್ನು ಸಾಧಿಸುವ ಹಂತಗಳನ್ನು ಮೊದಲು ಕನ್ನಡದಲ್ಲಿ ಯಾರಿಗಾದರೂ ಹೇಳಿ ಆಮೇಲೆ ಇಂಗ್ಲಿಷಿನಲ್ಲಿ ಬರೆಯುವಂತೆ ಹೇಳಿದೆ. ಕೇಳುವುದಕ್ಕೆ ಅವಳು ಆರಿಸಿಕೊಂಡದ್ದು ತನ್ನ ತಾಯಿಯನ್ನೇ. ಏಳನೇ ತರಗತಿಗೆ ಶಾಲೆ ಬಿಟ್ಟ ಆ ತಾಯಿ ರಾತ್ರಿ ರೊಟ್ಟಿ ತಟ್ಟುತ್ತ ನ್ಯೂಟನ್ನನ ಎರಡನೆಯ ನಿಯಮ ಕೇಳಿಸಿಕೊಂಡರು, "ಅದು ಹೇಗೆ, ಇನ್ನೊಂದು ಸಲ ಹೇಳು" ಎಂದರು. ಕಲಿಸಲು ಬಾರದ ಪೋಷಕರು ತಮ್ಮಿಂದೇನೂ ಆಗುವುದಿಲ್ಲ ಎಂದುಕೊಳ್ಳುತ್ತಾರೆ. ನಾನು ಕಂಡ ಒಳ್ಳೆಯ ಪೋಷಕರಲ್ಲಿ ಆ ತಾಯಿಯೂ ಒಬ್ಬರು.

ಬಹುಮಾನ, ಟ್ಯೂಷನ್, ಮತ್ತು ಮಗುವಿನ ಸ್ವಂತದ್ದು

"ತೊಂಬತ್ತೈದು ಬಂದರೆ ಸೈಕಲ್" ಎನ್ನುವುದು ನಮ್ಮ ಮನೆಗಳಲ್ಲಿ ಮಾಮೂಲು. 1973ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಚಿತ್ರ ಬರೆಯುವುದೆಂದರೆ ಖುಷಿಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಒಂದೆರಡು ವಾರ ಕಳೆದು ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರೆ, ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಅವನ್ನು ಮುಟ್ಟಿದರು. ಆಟವಾಗಿದ್ದದ್ದು ಕೂಲಿಯಾಗಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಈ ಇಳಿಕೆ ಕಾಣಲಿಲ್ಲ. ಹಾಗಾಗಿ ಇಷ್ಟವಿರುವ ಕೆಲಸಕ್ಕೆ ಮುಂಗಡವಾಗಿ ಬೆಲೆ ಕಟ್ಟಬೇಡಿ ಎನ್ನುವುದು ಇಲ್ಲಿಯ ಪಾಠ. ಗೆದ್ದ ದಿನ ಹೋಳಿಗೆ ಮಾಡಿದರೆ ಯಾವ ಕೇಡೂ ಇಲ್ಲ.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಮಗುವಿಗೆ ಏನಾದರೂ ಇಷ್ಟ ಎಂದು ಗೊತ್ತಾದ ಕೂಡಲೇ ಅದಕ್ಕೊಂದು ತರಗತಿ, ಪರೀಕ್ಷೆ, ಪದಕ ಹಚ್ಚಿಬಿಡುತ್ತೇವೆ. ಚಿತ್ರ ಬರೆದರೆ ಲೋಯರ್, ಹೈಯರ್ ಗ್ರೇಡ್. ಹಾಡಿದರೆ ಜೂನಿಯರ್, ಸೀನಿಯರ್. ಚದುರಂಗ ಆಡಿದರೆ ಕೋಚು, ರೇಟಿಂಗು. ಪರೀಕ್ಷೆಗಳು ಕೆಟ್ಟವು ಎನ್ನುತ್ತಿಲ್ಲ, ಮಗು ತಾನಾಗಿ ಕೇಳಿದರೆ ಕಟ್ಟಿಸಿ. ಆದರೆ ಅಂಕ ಎಷ್ಟು ಎಂದು ಯಾರೂ ಕೇಳದ ಒಂದು ವಿಷಯವಾದರೂ ಪ್ರತಿ ಮಗುವಿಗೆ ಇರಬೇಕು. ರೋಚೆಸ್ಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್, ಒಳಗಿನಿಂದ ಹುಟ್ಟುವ ಪ್ರೇರಣೆಗೆ ಮೂರು ಬೇಕು ಎನ್ನುತ್ತಾರೆ: ನನ್ನ ಕೆಲಸದಲ್ಲಿ ನನ್ನದೂ ಮಾತು ನಡೆಯುತ್ತದೆ ಎಂಬ ಭಾವ, ನನಗೆ ಬರುತ್ತಿದೆ ಎಂಬ ಭಾವ, ನನ್ನವರು ಇದ್ದಾರೆ ಎಂಬ ಭಾವ. ಬೆಳಿಗ್ಗೆ ಐದಕ್ಕೆ ಟ್ಯೂಷನ್, ಸಂಜೆ ಸಿಇಟಿ ಕೋಚಿಂಗ್, ಭಾನುವಾರ ಟೆಸ್ಟ್ ಎಂದು ವಾರ ತುಂಬಿಹೋದ ಮಗುವಿಗೆ ಎರಡನೆಯದು ಸಿಗಬಹುದೇನೋ. ಮೊದಲನೆಯದಕ್ಕೆ ಜಾಗವೇ ಇರುವುದಿಲ್ಲ.

ಬೇಸರದ ಕೆಲಸ ಇದ್ದೇ ಇರುತ್ತದೆ, ಅದನ್ನೂ ಮಾಡಬೇಕು. ಡೆಸಿ ಮತ್ತು ಜೊತೆಗಾರರು 1994ರಲ್ಲಿ ತೀರಾ ನೀರಸವಾದ ಕೆಲಸವೊಂದನ್ನು ಜನರಿಗೆ ಕೊಟ್ಟು ಪರೀಕ್ಷಿಸಿದರು. ಏಕೆ ಮಾಡಬೇಕೆಂಬ ಕಾರಣ ಹೇಳಿ, ಇದು ಬೇಸರದ್ದು ಎಂದು ಒಪ್ಪಿಕೊಂಡು, ಗದರದೆ ಕೇಳಿಕೊಂಡಾಗ ಜನ ಅದನ್ನು ತಮ್ಮದೆಂದು ಹೆಚ್ಚು ಒಪ್ಪಿಕೊಂಡರು. ಮನೆಯಲ್ಲಿ ಇದರ ರೂಪ ಹೀಗೆ: "ಸಮಾಜದ ಇಸವಿಗಳನ್ನು ಬರೆಯುವುದು ಬೇಸರವೇ, ಒಪ್ಪಿದೆ. ಆದರೆ ಇವು ನೆನಪಿದ್ದರೆ ಮುಂದಿನ ಪಾಠ ಕಥೆಯಂತೆ ಓದಬಹುದು. ಊಟಕ್ಕೆ ಮುಂಚೆ ಮಾಡುತ್ತೀಯೋ, ಆಮೇಲೋ?" ಆಯ್ಕೆ ಚಿಕ್ಕದು, ಆದರೆ ಅದನ್ನು ಮಾಡಿದ್ದು ಮಗುವೇ.

ಕೊನೆಯದಾಗಿ ಕೆಲವು ಕೆಲಸದ ಮಾತು. ತನ್ನಂತೆಯೇ ತಲೆ ಕೆಡಿಸಿಕೊಳ್ಳುವ ಇನ್ನೊಂದು ಮಗು ಸಿಕ್ಕರೆ ಅದಕ್ಕಿಂತ ದೊಡ್ಡ ಪ್ರೇರಣೆಯಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರಿನ ಪಿಲಿಕುಳ ವಿಜ್ಞಾನ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ, ಇವೆಲ್ಲ ಅಂಥ ಮಕ್ಕಳು ಸೇರುವ ಜಾಗಗಳು. ಗಣಿತ ಒಲಿಂಪಿಯಾಡ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಪರೀಕ್ಷೆ ಬರೆಯದಿದ್ದರೂ ವಾರಕ್ಕೊಂದು ಲೆಕ್ಕ ಸಾಕು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆಯಿದೆ. ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಬಡ ಮನೆಯ ಹುಡುಗಿಯರನ್ನು "ಹತ್ತಿರದ ಕಾಲೇಜಿನಲ್ಲಿ ಇರುವುದನ್ನೇ ಓದಲಿ" ಎಂಬ ಮಾತಿನಿಂದ ಆ ಹಣ ಕಾಪಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಗು ಬಾಯಲ್ಲಿ ಚೆನ್ನಾಗಿ ಹೇಳಿ ಬರೆಯುವಾಗ ಮಾತ್ರ ತಡವರಿಸಿದರೆ ಕಲಿಕಾ ತೊಡಕಿನ ಪರೀಕ್ಷೆ ಮಾಡಿಸಿ. ಪ್ರತಿಭೆಯೂ ಡಿಸ್ಲೆಕ್ಸಿಯಾ ಎಂಬ ಓದು-ಬರಹದ ತೊಡಕೂ ಒಂದೇ ಮಗುವಿನಲ್ಲಿ ಇರಬಹುದು, ಒಂದು ಇನ್ನೊಂದನ್ನು ಮರೆಮಾಚಬಹುದು. ಓದು ಮಾತ್ರವಲ್ಲದೆ ಆಟ, ಗೆಳೆಯರು, ಊಟ, ನಿದ್ರೆ ಎಲ್ಲದರಿಂದಲೂ ಮಗು ಹಿಂದೆ ಸರಿದಿದ್ದರೆ ಅದನ್ನು ಓದಿನ ಸಮಸ್ಯೆ ಎಂದುಕೊಂಡು ಕಾಯಬೇಡಿ, ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಕ್ಯಾಲೆಂಡರ್ ಹುಡುಗನ ತಂದೆಗೆ ಅವತ್ತು ನಾನು ಹೇಳಿದ್ದು ಇಷ್ಟೇ: "ಇವತ್ತು ರಾತ್ರಿ ಅವನ ಹತ್ತಿರ ಕೂತು, ಅದು ಹೇಗೆ ಲೆಕ್ಕ ಹಾಕುತ್ತೀಯ ಎಂದು ಕೇಳಿ. ಹೋಂವರ್ಕ್ ಮಾತು ಬೇಡ." ಮಾರನೆಯ ವಾರ ಹುಡುಗನೇ ಬಂದು ಹೇಳಿದ. ಅಪ್ಪ ಹುಟ್ಟಿದ ವಾರ ಯಾವುದು ಎಂದು ಹುಡುಕಲು ಹೊರಟನಂತೆ. ದಾಖಲೆಯಲ್ಲಿ 1978ರ ಜೂನ್ 1 ಎಂದಿದೆ. ಅಪ್ಪ ನಕ್ಕು, "ಅದು ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ತಾರೀಖು. ನಾನು ಹುಟ್ಟಿದ್ದು ಯುಗಾದಿಯ ಮಾರನೆಯ ದಿನ, ವರ್ಷತೊಡಕಿನಂದು, ಮಂಗಳವಾರ ಎಂದು ನಮ್ಮವ್ವ ಹೇಳುತ್ತಿದ್ದಳು" ಎಂದರಂತೆ.

ಯುಗಾದಿ ಅವನ ಏಳರ ಶೇಷಕ್ಕೆ ಸಿಗಲಿಲ್ಲ. ಚಂದ್ರನ ಲೆಕ್ಕ ಬೇರೆ, ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ನಡುವೆ ಅಧಿಕಮಾಸ ಬಂದು ಮತ್ತೆ ಮುಂದಕ್ಕೆ ಹೋಗುತ್ತದೆ. ಮೂರು ವಾರ ಅವನಿಗೆ ಅದು ಹಿಡಿಗೆ ಬರಲಿಲ್ಲ. ಗುಡಿಯ ಅರ್ಚಕರ ಮನೆಯಿಂದ ಹಳೆಯ ಪಂಚಾಂಗಗಳನ್ನು ತಂದೆಯೇ ಹೊತ್ತು ತಂದುಕೊಟ್ಟರು. ಕೊನೆಗೊಂದು ದಿನ ಪ್ರಾರ್ಥನೆಗೂ ಮುಂಚೆ ಸ್ಟಾಫ್ ರೂಮಿಗೆ ಓಡಿಬಂದ. 2005ರಲ್ಲೂ ಯುಗಾದಿ ಏಪ್ರಿಲ್ 9, 2024ರಲ್ಲೂ ಏಪ್ರಿಲ್ 9. 2006ರಲ್ಲಿ ಮಾರ್ಚ್ 30, 2025ರಲ್ಲೂ ಮಾರ್ಚ್ 30. ಹತ್ತೊಂಬತ್ತು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಅದೇ ತಾರೀಖಿಗೆ ಮರಳುತ್ತದೆ ಮೇಡಂ ಎಂದ. 2016ರ ಯುಗಾದಿ ಏಪ್ರಿಲ್ 8, ಅಲ್ಲಿಂದ ಎರಡು ಸಲ ಹತ್ತೊಂಬತ್ತು ಹಿಂದಕ್ಕೆ ಹೋದರೆ 1978. ಆ ಏಪ್ರಿಲ್ 8 ಶನಿವಾರ, ಅಂದರೆ ವರ್ಷತೊಡಕು ಭಾನುವಾರ.

"ಅಜ್ಜಿ ಹೇಳಿದ್ದು ಮಂಗಳವಾರ ಅಲ್ಲವೇ?" ಎಂದೆ.

"ಹೌದು ಮೇಡಂ. ವಾರ ತಪ್ಪೋ, ವರ್ಷವೇ ತಪ್ಪೋ ನೋಡಬೇಕು" ಎನ್ನುತ್ತ ಹೊಸ ಹಾಳೆ ತಿರುವಿ, ಮೇಲೆ 1977 ಎಂದು ಬರೆದುಕೊಂಡ.